ತಲೆ ಮೇಲೆ ಕೈ ಹೊತ್ತವರು

ಹೋದ ಶ್ರಾವಣದ ಒಂದು ಸಂಜೆ ನನ್ನ ಕ್ಲಿನಿಕ್ಕಿಗೆ ಸಿಂಧನೂರು ಕಡೆಯ ತಾಯಿ-ಮಗ ಬಂದರು. ಮಗನಿಗೆ 29 ವರ್ಷ, ಇಲ್ಲೇ ಹೈದರಾಬಾದಿನ ಮಾದಾಪುರದ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಬಂದವನೇ ಕುರ್ಚಿಯಲ್ಲಿ ಕೂತ, ಬಲಗೈ ಎತ್ತಿ ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡ. ತಾಯಿ ಆ ಕೈಯನ್ನು ಜಗ್ಗಿ ಕೆಳಗೆ ಹಾಕಿದರು.

"ತೆಲಿ ಮ್ಯಾಲ ಕೈ ಹೊತ್ಕೊಂಡು ಕುಂದ್ರಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕೋ ನಿನಗ? ಮನಿಗೆ ಒಳ್ಳೇದಲ್ಲ ಅದು."

ಹುಡುಗ ಎರಡು ನಿಮಿಷ ತಡೆದುಕೊಂಡ. ಮುಖ ಕಿವಿಚಿತು. ಕೈ ತಾನಾಗಿ ಮತ್ತೆ ತಲೆಗೇರಿತು. "ಇರ್ಲಿ ಬಿಡ್ರಿ ಅಮ್ಮಾ, ಹಂಗೇ ಇರ್ಲಿ" ಅಂದೆ. ಅವರಿಗೆ ನನ್ನ ಮೇಲೂ ಸಿಟ್ಟು ಬಂತು.

ನಮ್ಮ ಕಡೆ ಅದು ಬೆಳೆ ಹೋದವನ ಭಂಗಿ, ಜಾಮೀನು ಹಾಕಿ ಮುಳುಗಿದವನ ಭಂಗಿ. ನನ್ನ ಕಸುಬಿನಲ್ಲಿ ಮಾತ್ರ ಅದಕ್ಕೆ ಬೇರೆ ಅರ್ಥ. ಹುಡುಗ ಬಾಯಿ ಬಿಡುವ ಮೊದಲೇ ಅರ್ಧ ಕಾಯಿಲೆ ಹೇಳಿ ಮುಗಿಸಿದ್ದ. ಕುತ್ತಿಗೆಯಿಂದ ಹೊರಡುವ ನರವೊಂದು ತನ್ನ ಕಿಂಡಿಯಲ್ಲೇ ಒತ್ತಿಕೊಂಡಿದ್ದರೆ, ಕೈ ಜೋತುಬಿದ್ದಷ್ಟೂ ಅದು ಇನ್ನಷ್ಟು ಜಗ್ಗುತ್ತದೆ. ಕೈಯನ್ನು ತಲೆ ಮೇಲೆ ಇಟ್ಟುಕೊಂಡರೆ ಎಳೆತ ಸಡಿಲ, ನೋವು ಸ್ವಲ್ಪ ಇಳಿಯುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿದ್ದೆಗೆಟ್ಟು ಹೊರಳಾಡಿದ ಯಾವುದೋ ರಾತ್ರಿ ಮೈಯೇ ಕಂಡುಕೊಂಡ ಉಪಾಯ ಅದು.

ನಾನು ರಾಯಚೂರು ಜಿಲ್ಲೆ ಮಾನ್ವಿಯವಳು, ಫಿಸಿಯೋಥೆರಪಿಸ್ಟ್. ಮಾದಾಪುರಕ್ಕೆ ಬಂದು 16 ವರ್ಷವಾಯಿತು. 1998ರಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ಶುರುವಾದ ಮೇಲೆ ಬಂಡೆಗಳ ನಡುವಿನ ಈ ಊರು ಹೇಗೆ ಬೆಳೆಯಿತೆಂದು ಇಲ್ಲಿಯ ಹಳಬರು ಹೇಳುತ್ತಾರೆ. ನಾನು ಬರುವ ಹೊತ್ತಿಗೆ ಬಂಡೆ ಕಮ್ಮಿ, ಹಾಸ್ಟೆಲ್ ಜಾಸ್ತಿ. ನನ್ನ ಬಾಗಿಲಿಗೆ ಮೂರು ಭಾಷೆಯ ನೋವು ಬರುತ್ತದೆ. ತೆಲುಗಿನವರಿಗೆ ತಿಮ್ಮಿರ್ಲು, ದಖನಿಯವರಿಗೆ ಝುನ್‌ಝುನಿ, ನಮ್ಮವರಿಗೆ ಜೋಮು. ಒಂದು ಪದ ಮಾತ್ರ ಮೂವರಿಗೂ ಸಮ: ಸ್ಪಾಂಡಿಲೈಟಿಸ್. ಅವರು ಹೇಳಬೇಕೆಂದಿರುವುದು ಬಹುಮಟ್ಟಿಗೆ ಸ್ಪಾಂಡಿಲೋಸಿಸ್, ಅಂದರೆ ವಯಸ್ಸಿನ ಸವೆತ. 'ಐಟಿಸ್' ಅಂತ ಕೊನೆಯಾದರೆ ಅದು ಉರಿಯೂತದ ಬೇರೆಯೇ ಕಾಯಿಲೆ. ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನಿದ್ದೇನೆ.

ಒಂದನ್ನು ಮಾತ್ರ ತಿದ್ದದೆ ಮುಂದೆ ಹೋಗಲಾರೆ. ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದಕ್ಕೂ ನಾವು ನರ ಅನ್ನುತ್ತೇವೆ, ಅದು ರಕ್ತನಾಳ. "ನರದ ಮ್ಯಾಲ ನರ ಏರ್ಯಾದ" ಅಂತ ಬರುವವರಿಗೆ ಆಗಿರುವುದು ಸ್ನಾಯುವಿನ ಸೆಳೆತ. ನಾನು ಹೇಳಹೊರಟ ನರ ಹೊರಗಿನಿಂದ ಕಾಣುವುದಿಲ್ಲ, ಒಂದರ ಮೇಲೊಂದು ಏರುವುದೂ ಇಲ್ಲ. ಅದು ಮೈಯೊಳಗಿನ ತಂತಿ. ನಿಮ್ಮ ಕಿರುಬೆರಳನ್ನು ಅಲ್ಲಾಡಿಸುವ ಜೀವಕೋಶ ಕೂತಿರುವುದು ಕುತ್ತಿಗೆಯ ಬೆನ್ನುಹುರಿಯಲ್ಲಿ. ಅಲ್ಲಿಂದ ಅಂಗೈಯ ಸ್ನಾಯುವಿನವರೆಗೆ ಹೋಗುವ ಎಳೆ ಒಂದೇ ಕೋಶದ್ದು, ನಡುವೆ ಎಲ್ಲೂ ಗಂಟಿಲ್ಲ. ಅದರಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡುತ್ತದೆ. ಗಂಟೆಯ ಲೆಕ್ಕದಲ್ಲಿ 180 ಕಿಲೋಮೀಟರ್, ನಮ್ಮೂರ ಕಡೆಯ ಯಾವ ರೈಲಿಗೂ ಇಲ್ಲದ ವೇಗ.

ಈಗ ನಿಮ್ಮ ಕೈಯನ್ನು ಹಿಂಗತ್ತಿಗೆ ಒಯ್ಯಿರಿ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಗುಬುಟು ಬೆರಳಿಗೆ ಸಿಗುತ್ತದೆ. ಬಹಳ ಜನರಲ್ಲಿ ಅದು ಕುತ್ತಿಗೆಯ ಏಳನೆಯ ಮೂಳೆಯ ಹಿಂತುದಿ. ತೆಲುಗಿನವರು ಬೆನ್ನುಮೂಳೆಯನ್ನು ವೆನ್ನುಪೂಸ ಅನ್ನುತ್ತಾರೆ, ಪೂಸ ಅಂದರೆ ಮಣಿ. ಪುಸ್ತಕದ 'ಕಶೇರು'ವಿಗಿಂತ ಈ ಮಣಿಯೇ ನನಗೆ ಇಷ್ಟ. ಕುತ್ತಿಗೆಯಲ್ಲಿ ಏಳು ಮಣಿ, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು. ಅದರ ಕೆಳಗೆ ಒಂದಕ್ಕೊಂದು ಬೆಸೆದುಕೊಂಡವು. ಜಿರಾಫೆಯ ಕುತ್ತಿಗೆಯಲ್ಲೂ ಏಳೇ, ಇಲಿಯ ಕುತ್ತಿಗೆಯಲ್ಲೂ ಏಳೇ.

ಮೊದಲ ಎರಡು ಮಣಿಗಳ ರೀತಿಯೇ ಬೇರೆ. ಮೊದಲನೆಯದು ಬರೀ ಬಳೆ, ಅದರ ಮೇಲೆ ತಲೆ ಕೂತಿದೆ. ಎರಡನೆಯದರಿಂದ ಒಂದು ಗೂಟ ಮೇಲಕ್ಕೆ ಎದ್ದು ಆ ಬಳೆಯೊಳಗೆ ಹೊಕ್ಕಿದೆ. 'ಹೂಂ' ಎಂದು ತಲೆಯಾಡಿಸುವಾಗ ತಲೆ ಬಳೆಯ ಮೇಲೆ ತೂಗುತ್ತದೆ. 'ಊಹೂಂ' ಅನ್ನುವಾಗ ಬಳೆ ಗೂಟದ ಸುತ್ತ ಬೀಸುವ ಕಲ್ಲಿನಂತೆ ತಿರುಗುತ್ತದೆ. ಕುತ್ತಿಗೆಯ ತಿರುಗಾಟದಲ್ಲಿ ಅರ್ಧದಷ್ಟು ಈ ಒಂದೇ ಕೀಲಿನದು. ಇಲ್ಲಿ ಡಿಸ್ಕ್ ಇಲ್ಲ. ಎರಡನೆಯ ಮಣಿಯ ಕೆಳಗಿನಿಂದ ಮಾತ್ರ ಮಣಿಗೊಂದು ಮೆತ್ತೆ: ಹೊರಗೆ ನಾರಿನ ಸುತ್ತು, ಒಳಗೆ ನೀರು ಹಿಡಿದ ತಿರುಳು. ಹಗಲಿಡೀ ತೂಕ ಹೊತ್ತು ಈ ಮೆತ್ತೆಗಳು ಸ್ವಲ್ಪ ನೀರು ಬಿಡುತ್ತವೆ, ರಾತ್ರಿ ಮಲಗಿದಾಗ ಹೀರಿಕೊಳ್ಳುತ್ತವೆ. ಅದಕ್ಕೇ ಬೆಳಿಗ್ಗೆ ನಾವೆಲ್ಲ ಒಂದೆರಡು ಸೆಂಟಿಮೀಟರ್ ಎತ್ತರ.

ಮಣಿ ಏಳಾದರೂ ಕುತ್ತಿಗೆಯಿಂದ ಹೊರಡುವ ನರ ಎಂಟು ಜೋಡಿ. ಕಾಲೇಜಿನ ಮೊದಲ ವರ್ಷ ಈ ಲೆಕ್ಕ ನನ್ನನ್ನು ಬಹಳ ಕಾಡಿತ್ತು. ಮೊದಲ ನರ ಮೊದಲ ಮಣಿಯ ಮೇಲಿನಿಂದಲೇ ಹೊರಬೀಳುತ್ತದೆ, ಹಾಗೆ ಏಳರವರೆಗೆ ನರ ತನ್ನ ಹೆಸರಿನ ಮಣಿಯ ನೆತ್ತಿಯಲ್ಲಿ. ಏಳನೆಯ ಮಣಿಯ ಕೆಳಗೂ ಒಂದು ಕಿಂಡಿ ಉಳಿಯುತ್ತದಲ್ಲ, ಅಲ್ಲಿಂದ ಹೊರಡುವುದು ಎಂಟನೆಯದು. ಆದ್ದರಿಂದ ಐದು-ಆರರ ನಡುವಿನ ಡಿಸ್ಕ್ ಉಬ್ಬಿದರೆ ಒತ್ತುವುದು ಆರನೆಯ ನರವನ್ನು, ಆರು-ಏಳರ ನಡುವಿನದು ಏಳನೆಯದನ್ನು. ವರದಿ ಕೈಯಲ್ಲಿ ಹಿಡಿದು ಗೂಗಲ್ ಮಾಡುವವರು ಎಡವುವುದು ಇಲ್ಲೇ.

ಪ್ರತಿ ನರಕ್ಕೂ ಬೆನ್ನುಹುರಿಯಲ್ಲಿ ಎರಡು ಬೇರು. ಹಿಂದಿನ ಬೇರು ಸುದ್ದಿ ತರುತ್ತದೆ: ಬಿಸಿ, ತಂಪು, ಚುಚ್ಚು, ಸವರು. ಮುಂದಿನ ಬೇರು ಹುಕುಂ ಒಯ್ಯುತ್ತದೆ: ಎತ್ತು, ಮಡಚು, ಹಿಡಿ. ಎರಡೂ ಸೇರಿ ಒಂದಾಗಿ ಕಿಂಡಿಯಿಂದ ಹೊರಬರುತ್ತವೆ. ಈ ಕಿಂಡಿಯ ಗುಣ ತಿಳಿದರೆ ಅರ್ಧ ಚಿಕಿತ್ಸೆ ತಿಳಿದಂತೆ. ತಲೆ ಮುಂದಕ್ಕೆ ಬಾಗಿದರೆ ಕಿಂಡಿ ಅಗಲವಾಗುತ್ತದೆ. ಹಿಂದಕ್ಕೆ ವಾಲಿಸಿ ಅದೇ ಬದಿಗೆ ಓರೆ ಮಾಡಿದರೆ ಕಿರಿದಾಗುತ್ತದೆ. ಹಾಗೆ ವಾಲಿಸಿ ನೆತ್ತಿಯನ್ನು ಮೆಲ್ಲಗೆ ಒತ್ತಿದಾಗ ನೋವು ಕೈಗೆ ಹರಿದರೆ, ನರ ಅಲ್ಲೇ ಸಿಕ್ಕಿಕೊಂಡಿದೆ ಎಂದು ಗುಮಾನಿ. ಸ್ಪರ್ಲಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು 1944ರಲ್ಲಿ ವಿವರಿಸಿದ ಪರೀಕ್ಷೆ ಇದು, ಖರ್ಚಿಲ್ಲದ್ದು. ಮನೆಯಲ್ಲಿ ಒಬ್ಬರ ಮೇಲೊಬ್ಬರು ಮಾಡಿ ನೋಡಬೇಡಿ.

ಕೈಗೆ ಹೋಗುವ ನರಗಳು ಐದು: ಕುತ್ತಿಗೆಯ ಐದರಿಂದ ಎಂಟರವರೆಗೆ ನಾಲ್ಕು, ಎದೆಯ ಮೊದಲನೆಯದು ಒಂದು. ಅವು ಬೆರಳಿಗೆ ನೆಟ್ಟಗೆ ಹೋಗಿದ್ದರೆ ನನ್ನ ಕೆಲಸ ಸಲೀಸಿತ್ತು. ಹೋಗುವುದಿಲ್ಲ. ಕತ್ತಿನ ಪಕ್ಕದ ಎರಡು ಸ್ನಾಯುಗಳ ಸಂದಿಯಿಂದ ಹೊರಬಂದು, ಮೊದಲ ಪಕ್ಕೆಲುಬು ದಾಟಿ, ಕಾಲರ್ ಎಲುಬಿನ ಕೆಳಗೆ ನುಸುಳಿ, ಕಂಕುಳಿಗೆ ಇಳಿಯುವಷ್ಟರಲ್ಲಿ ಒಂದರೊಳಗೊಂದು ಹೆಣೆದುಕೊಂಡುಬಿಡುತ್ತವೆ. ಐದು ಸೇರಿ ಮೂರು, ಮೂರು ಒಡೆದು ಆರು, ಆರು ಕೂಡಿ ಮತ್ತೆ ಮೂರು, ಕೊನೆಗೆ ಐದು ದೊಡ್ಡ ನರ. ಇದಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು, ತೋಳಿನ ನರಜಾಲ. ಪುಸ್ತಕದವರು ಬೇರು, ಕಾಂಡ, ಕವಲು, ಕೊಂಬೆ ಎಂದು ಮರದ ಹೆಸರು ಕೊಟ್ಟಿದ್ದಾರೆ. ಒಡೆದ ಕೊಂಬೆಗಳು ಮತ್ತೆ ಕೂಡಿಕೊಳ್ಳುವ ಮರವನ್ನು ನಾನಂತೂ ನೋಡಿಲ್ಲ.

ನನಗೆ ಅದು ವಾಡಿ ಜಂಕ್ಷನ್. ಕಲಬುರಗಿ ಕಡೆಯ ಹಳಿ, ರಾಯಚೂರು ಕಡೆಯ ಹಳಿ, ತಾಂಡೂರು-ಸಿಕಂದರಾಬಾದ್ ಕಡೆಯ ಹಳಿ ಅಲ್ಲಿ ಕೂಡುತ್ತವೆ. ರಾಯಚೂರಿಂದ ಒಂದೇ ಗಾಡಿಯಲ್ಲಿ ಬಂದವರಲ್ಲಿ ಕೆಲವರು ಇಳಿದು ಸಿಕಂದರಾಬಾದಿನ ಗಾಡಿ ಹಿಡಿದರೆ, ಉಳಿದವರು ಸೋಲಾಪುರದತ್ತ ಹೋಗುತ್ತಾರೆ. ಸಿಕಂದರಾಬಾದಿಗೆ ಹೊರಟ ಡಬ್ಬಿಯಲ್ಲಿ ಮೂರು ಊರಿನ ಮಂದಿ. ಕೈಯ ನರವೂ ಹಾಗೇ. ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರದಲ್ಲಿ ಆರು, ಏಳು, ಎಂಟು, ಎದೆಯ ಒಂದನೆಯದು, ಇಷ್ಟೂ ಬೇರುಗಳ ಎಳೆಗಳಿವೆ. ಆದ್ದರಿಂದ ಕೆಟ್ಟಿರುವುದು ಊರೋ ಗಾಡಿಯೋ ಎಂದು ಮೊದಲು ಕೇಳಬೇಕು. ಏಳನೆಯ ಬೇರು ಕೆಟ್ಟರೆ ಆ ಊರಿನವರು ಹತ್ತಿದ ಎಲ್ಲ ಗಾಡಿಗಳಲ್ಲೂ ಕೆಲವು ಸೀಟು ಖಾಲಿ. ಮೀಡಿಯನ್ ನರ ಕೆಟ್ಟರೆ ಒಂದೇ ಗಾಡಿ ಇಡಿಯಾಗಿ ನಿಂತಂತೆ.

ಇದನ್ನು ನಾನು ಮೊದಲು ಕಂಡದ್ದು ಅಂಗರಚನೆಯ ಛೇದನ ಕೋಣೆಯಲ್ಲಿ. ಫಾರ್ಮಾಲಿನ್ ವಾಸನೆಗೆ ಕಣ್ಣಲ್ಲಿ ನೀರು. ಮೇಷ್ಟ್ರು ಕಾಲರ್ ಎಲುಬನ್ನು ಸರಿಸಿ, ಕೊಬ್ಬನ್ನು ಎಳೆ ಎಳೆಯಾಗಿ ಬಿಡಿಸಿ, ಚಿಮಟದಿಂದ ಕಂಕುಳಿನ ಹುರಿಗಳನ್ನು ಎತ್ತಿ ತೋರಿಸಿದರು. ಕೆನೆ ಬಣ್ಣ, ನೆನೆಸಿದ ನೂಲಿನ ಹೊಳಪು, ಕೆಲವು ಪೆನ್ಸಿಲಿಗಿಂತ ತುಸು ತೆಳು. ದೊಡ್ಡ ರಕ್ತನಾಳದ ಮುಂದೆ ಮೂರು ನರಗಳು ಇಂಗ್ಲಿಷಿನ 'ಎಂ' ಅಕ್ಷರ ಬರೆದಂತೆ ಕೂಡಿ ನಿಂತಿದ್ದವು. ಚಿತ್ರದಲ್ಲಿ ಇದ್ದದ್ದು ಮನುಷ್ಯನೊಳಗೂ ಹಾಗೇ ಇರುವುದನ್ನು ಕಂಡು ನನಗೆ ಆಶ್ಚರ್ಯ. ಆ ದೇಹ ಯಾರದೋ ನಮಗೆ ತಿಳಿಯದು. ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ತಮ್ಮ ತಂದೆ ದಾನ ಮಾಡಿದ್ದ ದೇಹವನ್ನು ತಾವೇ ವಿದ್ಯಾರ್ಥಿಗಳ ಎದುರು ಛೇದಿಸಿ ಪಾಠ ಹೇಳಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಎಂ ಅಕ್ಷರವೇ. ಅಪ್ಪನ ಕಂಕುಳಲ್ಲೂ ಅದು ಇದ್ದಿರಬೇಕಲ್ಲ.

ಜಂಕ್ಷನ್ ದಾಟಿ ಹೊರಟ ಐದು ಗಾಡಿಗಳಲ್ಲಿ ಎರಡರ ಕೆಲಸ ತೋಳಿನ ಮೇಲುಭಾಗದ್ದು: ಒಂದು ಭುಜ ಎತ್ತಿಸುತ್ತದೆ, ಇನ್ನೊಂದು ಮೊಣಕೈ ಮಡಚಿಸುತ್ತದೆ. ರೇಡಿಯಲ್ ನರ ತೋಳಿನ ಎಲುಬಿನ ಬೆನ್ನು ಸುತ್ತಿ ಇಳಿದು ಮಣಿಕಟ್ಟು ಮತ್ತು ಬೆರಳುಗಳನ್ನು ಹಿಂದಕ್ಕೆ ಎತ್ತಿಸುತ್ತದೆ. ಸೀಟಿನ ಬೆನ್ನಿನ ಮೇಲೆ ತೋಳು ಹಾಕಿ ರಾತ್ರಿ ಬಸ್ಸಿನಲ್ಲಿ ಮಲಗಿದವರು ಬೆಳಿಗ್ಗೆ ಮಣಿಕಟ್ಟು ಜೋತುಬಿದ್ದು ಎದ್ದರೆ ಇದೇ ನರ ಒತ್ತಿರುತ್ತದೆ. ಬಹಳಷ್ಟು ಸಲ ವಾರಗಳಲ್ಲಿ ಸರಿಹೋಗುತ್ತದೆ. ಉಳಿದವು ಮೀಡಿಯನ್ ಮತ್ತು ಅಲ್ನಾರ್. ಮೊಣಕೈ ಬಾಗಿಲಿಗೆ ತಗುಲಿದಾಗ ಕರೆಂಟ್ ಹೊಡೆದಂತಾಗುತ್ತದಲ್ಲ, ಅದು ಅಲ್ನಾರ್. ಅಲ್ಲಿ ಅದು ಚರ್ಮದ ಕೆಳಗೇ ಎಲುಬಿಗೆ ಒರಗಿಕೊಂಡಿದೆ.

ಕೈಬೆರಳಿನ ಕಾಯಿಲೆಯ ಬೇರು ಕುತ್ತಿಗೆಯಲ್ಲಿರಬಹುದು ಎಂಬುದು ಹಳೆಯ ತಿಳಿವಳಿಕೆ. ಎರಡನೆಯ ಶತಮಾನದ ರೋಮ್‌ನಲ್ಲಿ ಗ್ಯಾಲೆನ್ ಎಂಬ ವೈದ್ಯನ ಬಳಿಗೆ ಸಿರಿಯಾದ ಪೌಸಾನಿಯಸ್ ಎಂಬ ಪಂಡಿತ ಬಂದ. ಕಿರುಬೆರಳು, ಉಂಗುರಬೆರಳು, ನಡುಬೆರಳಿನ ಅರ್ಧ ಮರಗಟ್ಟಿದ್ದವು. ಬೇರೆ ವೈದ್ಯರು ಬೆರಳಿಗೇ ಮದ್ದು ಹಚ್ಚಿ ಸೋತಿದ್ದರು. ಗ್ಯಾಲೆನ್ ವಿಚಾರಿಸಿದಾಗ ತಿಳಿದದ್ದು: ಆತ ಬಂಡಿಯಿಂದ ಬಿದ್ದು ಬೆನ್ನಿನ ಮೇಲುಭಾಗಕ್ಕೆ ಕಲ್ಲು ಬಡಿದಿತ್ತು. ಗ್ಯಾಲೆನ್ ಅದೇ ಮದ್ದನ್ನು ಬೆರಳಿನಿಂದ ತೆಗೆಸಿ ಕುತ್ತಿಗೆಯ ಬುಡಕ್ಕೆ ಹಚ್ಚಿಸಿದ, ರೋಗಿ ಗುಣವಾದ ಎಂದು ತಾನೇ ಬರೆದಿದ್ದಾನೆ. ಮದ್ದಿನಿಂದ ಗುಣವಾಯಿತೋ ದಿನ ಕಳೆದದ್ದರಿಂದಲೋ, ನನಗೆ ಅನುಮಾನವಿದೆ. ಆದರೆ ಏಳನೆಯ ಮಣಿಯ ಕೆಳಗಿನ ನರವೆಂದು ಜಾಗ ಗುರುತಿಸಿದ್ದಕ್ಕೆ ಕೈ ಮುಗಿಯಬೇಕು. ಎಂಆರ್‌ಐ ಇರಲಿಲ್ಲ, ಎಕ್ಸ್-ರೇ ಇರಲಿಲ್ಲ; ಯಾವ ಬೆರಳು ಎಂದು ಕೇಳುವ ತಾಳ್ಮೆ ಇತ್ತು.

ಆ ತಾಳ್ಮೆ ನನಗಿರಲಿಲ್ಲ. ಹೊಸದಾಗಿ ಆಸ್ಪತ್ರೆಯೊಂದಕ್ಕೆ ಸೇರಿದ್ದಾಗ, ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುವ ನಮ್ಮ ಕಡೆಯ ಅಕ್ಕ ಒಬ್ಬರು ಬಂದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ಎಂಆರ್‌ಐಯಲ್ಲಿ ಐದು-ಆರರ ನಡುವಿನ ಡಿಸ್ಕ್ ಉಬ್ಬಿತ್ತು. ಆರನೆಯ ನರ, ಹೆಬ್ಬೆರಳು, ಲೆಕ್ಕ ಸರಿಯಾಯಿತು ಅಂದುಕೊಂಡು ಮೂರು ವಾರ ಅವರ ಕುತ್ತಿಗೆಗೆ ಟ್ರಾಕ್ಷನ್ ಹಾಕಿದೆ. ಗುಣ ಕಾಣಲಿಲ್ಲ. ಅವರು ದಿನಾ ಎರಡು ಬಸ್ ಬದಲಿಸಿ ಬರುತ್ತಿದ್ದರು. ಕೊನೆಗೊಂದು ದಿನ ಮಾತಿಗೆ ಮಾತು ಬಂದು, "ರಾತ್ರಿ ಎದ್ದು ಹಿಂಗ ಕೈ ಝಾಡಿಸ್ತೀನ್ರೀ, ಆಮ್ಯಾಲ ತುಸು ಹಗುರಾಗತೈತಿ" ಅಂತ ತೊಳೆದ ಕೈಯ ನೀರು ಕೊಡವಿದಂತೆ ಕೊಡವಿ ತೋರಿಸಿದರು. ನನಗೆ ಮುಖ ಬಿಸಿಯಾಯಿತು. ಇದು ಮಣಿಕಟ್ಟಿನ ಕಾಯಿಲೆಯ ಲಕ್ಷಣ ಎಂದು ಮೂರನೆಯ ವರ್ಷದಲ್ಲೇ ಓದಿದ್ದೆ. ಹತ್ತಿ ಎಳೆ ತೆಗೆದು ಉಂಗುರಬೆರಳ ಎರಡೂ ಬದಿ ಸವರಿದೆ. ನಡುಬೆರಳ ಕಡೆಯ ಅರ್ಧ ಮಂಕು, ಕಿರುಬೆರಳ ಕಡೆಯ ಅರ್ಧ ಚುರುಕು.

ಉಂಗುರಬೆರಳು ಗಡಿ ಗ್ರಾಮ. ಅರ್ಧ ಮೀಡಿಯನ್‌ದು, ಅರ್ಧ ಅಲ್ನಾರ್‌ದು. ಜೋಮು ಬೆರಳನ್ನು ನಟ್ಟನಡುವೆ ಸೀಳಿದರೆ ತೊಂದರೆ ಜಂಕ್ಷನ್ ದಾಟಿದ ಮೇಲಿನ ನರದಲ್ಲಿ. ಕುತ್ತಿಗೆಯ ಬೇರಿಗೆ ಈ ಗಡಿ ಗೊತ್ತಿಲ್ಲ. ಎಂಟನೆಯ ಬೇರು ಕೆಟ್ಟರೆ ಉಂಗುರಬೆರಳು ಪೂರಾ ಮಂಕಾಗುತ್ತದೆ, ಕಿರುಬೆರಳಿನ ಜೋಮು ಮಣಿಕಟ್ಟು ದಾಟಿ ಮುಂದೋಳಿಗೂ ಏರುತ್ತದೆ. ರೊಟ್ಟಿ ಬಡಿಯುವ ಕೈಯ ಮಣಿಕಟ್ಟಿನಲ್ಲಿ ಮೀಡಿಯನ್ ನರ ಇಕ್ಕಟ್ಟಾದ ಸುರಂಗದಲ್ಲಿ ಒತ್ತಿಕೊಂಡಿತ್ತು, ಅಷ್ಟೇ. ಕೊನೆಗೆ ಸಣ್ಣದೊಂದು ಆಪರೇಷನ್‌ನಲ್ಲಿ ಸರಿಹೋಯಿತು. ಮೂರು ವಾರದ ಬಸ್ ಚಾರ್ಜನ್ನು ನಾನು ಅವರಿಗೆ ಇನ್ನೂ ಕೊಟ್ಟಿಲ್ಲ.

ಹಾಗಾದರೆ ಉಬ್ಬಿದ ಡಿಸ್ಕ್? ಅದು ಇತ್ತು, ಸುಮ್ಮನೆ ಇತ್ತು. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರನ್ನು ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 87.6 ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡಿತ್ತು. ನಲವತ್ತು ದಾಟಿದವರಿಗೆ ತಲೆಕೂದಲು ನೆರೆತಂತೆ ಅದೂ ಒಂದು. ಮಾದಾಪುರದಲ್ಲಿ ಎಂಆರ್‌ಐ ಸೆಂಟರ್‌ಗಳಿಗೆ ಬರವಿಲ್ಲ, ಜನ ನನ್ನ ಬಳಿಗೆ ಬರುವಾಗಲೇ ಫಿಲ್ಮ್ ತಂದಿರುತ್ತಾರೆ. ನಾನು ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಮೊದಲು ಬೆರಳು ನೋಡುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಅಷ್ಟು ದುಡ್ಡು ಕೊಟ್ಟಿರುತ್ತಾರೆ.

ಸಿಂಧನೂರಿನ ಹುಡುಗನಿಗೆ ಮರಗಟ್ಟಿದ್ದು ನಡುಬೆರಳು. "ಆಫೀಸ್‌ನಾಗ ಗಾಜಿನ ಬಾಗ್ಲ ಯಾವ ಕೈಲೆ ದಬ್ಬತೀಯಪ್ಪಾ?" ಅಂತ ಕೇಳಿದೆ. ಯೋಚಿಸಿ, "ಎಡಗೈಲೆ ಮೇಡಂ. ಯಾಕೋ ಗೊತ್ತಿಲ್ಲ" ಅಂದ. ಬಲ ಮೊಣಕೈ ಮಡಚಿಸಿ ನನ್ನ ಅಂಗೈಯನ್ನು ದಬ್ಬು ಅಂದೆ. ನನ್ನಂಥವಳೇ ತಡೆದು ನಿಲ್ಲಿಸಬಹುದಾಗಿತ್ತು. ತೋಳಿನ ಹಿಂಬದಿಗೆ ರಬ್ಬರ್ ಸುತ್ತಿಗೆಯಿಂದ ಬಡಿದರೆ ಎಡಗೈ ಜಿಗಿಯಿತು, ಬಲಗೈ ಮಿಸುಕಲಿಲ್ಲ. ನಡುಬೆರಳು, ದಬ್ಬುವ ಸ್ನಾಯು, ಅದರ ಪ್ರತಿವರ್ತನೆ, ಮೂರೂ ಏಳನೆಯ ಬೇರಿನವು. ಕುತ್ತಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿಬೀಳುವ ಬೇರು ಅದೇ. ಫಿಲ್ಮನ್ನು ಆಗ ತಿರುಗಿಸಿ ನೋಡಿದೆ. ಆರು-ಏಳರ ನಡುವೆ, ಬಲಕ್ಕೆ.

ಆಪರೇಷನ್ ಮಾತು ಬಂದು ತಾಯಿ ಕಣ್ಣೀರಾದರು. ಅವರಿಗೆ ನಾನು ಹೇಳಿದ್ದು ಅಮೆರಿಕದ ರೋಚೆಸ್ಟರ್ ಎಂಬ ಊರಿನ ಲೆಕ್ಕ. 1976ರಿಂದ 1990ರವರೆಗೆ ಅಲ್ಲಿ ಈ ಕಾಯಿಲೆ ಬಂದ 561 ಜನರ ದಾಖಲೆ ಹಿಡಿದು ಅಧ್ಯಯನ ಮಾಡಿದ ತಂಡದ ಮೊದಲ ಹೆಸರು ನಮ್ಮ ದೇಶದವರದೇ, ಕೆ. ರಾಧಾಕೃಷ್ಣನ್ ಎಂಬ ನರರೋಗ ತಜ್ಞರು. ಆಪರೇಷನ್ ಆದದ್ದು ಸುಮಾರು ನಾಲ್ಕರಲ್ಲಿ ಒಬ್ಬರಿಗೆ. ಕೊನೆಯ ಸಲ ವಿಚಾರಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ತೊಂದರೆ ಇರಲೇ ಇಲ್ಲ, ಇದ್ದರೂ ಅಲ್ಪಸ್ವಲ್ಪ. ಹೊರಚಾಚಿದ ತಿರುಳನ್ನು ಮೈಯೇ ಬಹಳ ಸಲ ಕರಗಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ನರಕ್ಕೆ ಜಾಗ ಮಾಡಿಕೊಡುವುದು, ಸ್ನಾಯು ಸೊರಗದಂತೆ ನೋಡಿಕೊಳ್ಳುವುದು ನನ್ನಂಥವರ ಕೆಲಸ. ಬಲ ದಿನದಿನಕ್ಕೆ ಇಳಿಯುತ್ತಿದ್ದರೆ ಆ ಮಾತು ಬೇರೆ, ಆಗ ಕಾಯಬಾರದು.

"ಮೊಬೈಲ್ ನೋಡಿ ನೋಡಿ ಗೋಣು ಹೋಗೈತಿ ಇವಂದು" ಎಂದು ತಾಯಿಯ ತೀರ್ಪು. ಇದನ್ನು ನಾನು ಪೂರ್ತಿ ಒಪ್ಪಲಾರೆ. ತಲೆಯ ತೂಕ ನಾಲ್ಕೂವರೆ-ಐದು ಕಿಲೋ. 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಗೆ 27 ಕಿಲೋ ಭಾರ ಎಂಬ ಚಿತ್ರ ವಾಟ್ಸಾಪ್‌ನಲ್ಲಿ ಎಲ್ಲರಿಗೂ ಬಂದಿದೆ. 2014ರಲ್ಲಿ ಹನ್ಸರಾಜ್ ಎಂಬ ಶಸ್ತ್ರವೈದ್ಯರು ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ ಅದು, ರೋಗಿಗಳನ್ನು ಅಳೆದದ್ದಲ್ಲ. ಇಲ್ಲಿಯ ದುರ್ಗಂ ಚೆರುವು ಕೆರೆಯ ಸೇತುವೆಯನ್ನು ಕೇಬಲ್‌ಗಳು ಹಿಡಿದಿರುವಂತೆ ಹಿಂಗತ್ತಿನ ಸ್ನಾಯುಗಳು ತಲೆಯನ್ನು ಹಿಡಿದಿವೆ, ಬಗ್ಗಿದಷ್ಟೂ ಅವುಗಳಿಗೆ ಶ್ರಮ, ಅದು ನಿಜ. ಆದರೆ ನನ್ನಜ್ಜಿ ಭತ್ತದ ನಾಟಿ ಹಚ್ಚುತ್ತ ದಿನವಿಡೀ ಬಗ್ಗಿರುತ್ತಿದ್ದಳು. ಕಿಂಡಿಯಲ್ಲಿ ನರ ಸಿಕ್ಕಿದವನಿಗೆ ಬಗ್ಗಿ ಮೊಬೈಲ್ ನೋಡುವುದಕ್ಕಿಂತ ಕಪಾಟಿನ ಮೇಲಿನ ಡಬ್ಬಿ ಹುಡುಕುವುದೇ ಕಷ್ಟ. ಒಂದೇ ಭಂಗಿಯಲ್ಲಿ ಮೂರು ತಾಸು ಅಲುಗದೆ ಇರುವುದು ಯಾವ ಭಂಗಿಯಾದರೂ ಕೆಟ್ಟದ್ದೇ. ಬಗ್ಗುವುದರ ಮೇಲೆ ಮಾತ್ರ ಇಷ್ಟು ಗೂಬೆ ಕೂರಿಸುವುದು ನನಗೆ ಸರಿಕಾಣುವುದಿಲ್ಲ.

ಹತ್ತು ವಾರದ ಮೇಲೆ ಅವನು ನನ್ನ ಕ್ಲಿನಿಕ್ಕಿನ ಬಾಗಿಲನ್ನು ಬಲಗೈಯಿಂದ ದಬ್ಬಿ ಒಳಬಂದ. ಬಾಗಿಲು ಗೋಡೆಗೆ ಬಡಿದು ಸದ್ದಾಯಿತು.

ಎಲ್ಲರಿಗೂ ಹೀಗಾಗುವುದಿಲ್ಲ. ನಲ್ಗೊಂಡ ಜಿಲ್ಲೆಯ ಮರ್ರಿಗೂಡ ಕಡೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸುತ್ತಿದ್ದರು. ಕುತ್ತಿಗೆ ಒಂದೇ ಕಂಬವಾಗಿತ್ತು. ಮಣಿಗಳ ಹಿಂದೆ ಮುಂದೆ ಅವನ್ನು ಕಟ್ಟಿಹಿಡಿದ ನಾರಿನ ಪಟ್ಟಿಗಳಿವೆ. ಹಲವು ದಶಕ ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿದರೆ ಆ ಪಟ್ಟಿಗಳೇ ಎಲುಬಾಗುತ್ತವೆ. ಬೆನ್ನುಹುರಿ ಹಾಯುವ ಕೊಳವೆ ಒಳಗಿನಿಂದ ಕಿರಿದಾಗುತ್ತ ಬರುತ್ತದೆ. ನಮ್ಮ ದೇಶದಲ್ಲಿ ಇದು ನೀರಿನ ಕಾಯಿಲೆಯೆಂದು ಮೊದಲು ವರದಿಯಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಫ್ಲೋರೈಡ್ ನರಗಳಿಗೆ ಏನು ಮಾಡುತ್ತದೆಂದು ದೀರ್ಘ ಕಾಲ ಅಭ್ಯಾಸ ಮಾಡಿದವರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿದ್ದ ನರಶಸ್ತ್ರವೈದ್ಯ ಡಾ. ಡಿ. ರಾಜಾ ರೆಡ್ಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ಮಾನದಂಡ. ಈಗ ಆ ಕಡೆಗೆ ಕೊಳವೆಯಲ್ಲಿ ನದಿ ನೀರು ಹೋಗಿದೆ. ಎಲುಬಾದ ಪಟ್ಟಿ ಮಾತ್ರ ಮತ್ತೆ ಪಟ್ಟಿಯಾಗುವುದಿಲ್ಲ.

ಅವರ ನೋವು ದೊಡ್ಡದಾಗಿರಲಿಲ್ಲ, ಅದಕ್ಕೇ ಮನೆಯವರು ತಡಮಾಡಿದ್ದರು. ನಾನು ಹೆದರಿದ್ದು ಅವರ ಚಪ್ಪಲಿ ನೋಡಿ. ನಡೆಯುವಾಗ ಅದು ಕಾಲಿಂದ ಕಳಚುತ್ತಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಅಂಗಿಯ ಗುಂಡಿಯನ್ನು ಸೊಸೆ ಹಾಕಬೇಕಿತ್ತು. ಬೇರು ಒತ್ತಿದರೆ ಒಂದು ಕೈ ನೋಯುತ್ತದೆ. ಬೆನ್ನುಹುರಿಯೇ ಒತ್ತಿದರೆ ಕೈ ಒಡ್ಡಾಗುತ್ತದೆ, ಕಾಲು ಬಿಗಿಯುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ನೋವು ಇರಲೇಬೇಕೆಂದಿಲ್ಲ. ಅವರನ್ನು ನಾನು ಮುಟ್ಟಲಿಲ್ಲ. ಅಂದೇ ಆಟೋ ಹತ್ತಿಸಿ ನರಶಸ್ತ್ರವೈದ್ಯರಲ್ಲಿಗೆ ಕಳಿಸಿದೆ.

ಕೊನೆಯದಾಗಿ ಗುರುಮಠಕಲ್ ಕಡೆಯ ಹುಡುಗನ ಕತೆ. ಊಟದ ಪಾರ್ಸಲ್ ಬೈಕಿನಲ್ಲಿ ತಲುಪಿಸುವ ಕೆಲಸ. ಮಳೆಯ ರಾತ್ರಿ ಜಾರಿ, ಎಡಭುಜ ನೆಲಕ್ಕೆ ಬಡಿದು, ಹೆಲ್ಮೆಟ್ ಹಾಕಿದ ತಲೆ ಬಲಕ್ಕೆ ಹೋಯಿತು. ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಜಗ್ಗಿದರೆ ನಡುವೆ ಇರುವುದು ಆ ಜಂಕ್ಷನ್ ಒಂದೇ. ದೊಡ್ಡವರಲ್ಲಿ ತೋಳಿನ ನರಜಾಲ ಹರಿಯುವುದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಕಾರಣ ಬೈಕೇ. ನರ ಬರೀ ಜಗ್ಗಿದ್ದರೆ ತಾನಾಗಿ ಚೇತರಿಸಿಕೊಳ್ಳಬಹುದು. ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ದರೆ ಮತ್ತೆ ಹತ್ತುವುದಿಲ್ಲ. ಅವನಿಗೆ ಮೇಲಿನ ಮೂರು ಬೇರು ಕಿತ್ತಿದ್ದವು, ಕೆಳಗಿನ ಎರಡು ಉಳಿದಿದ್ದವು. ಬೆರಳು ಮುಷ್ಟಿ ಕಟ್ಟುತ್ತಿದ್ದವು, ಆ ಮುಷ್ಟಿಯನ್ನು ಬಾಯಿಯ ತನಕ ತರಲು ಮೊಣಕೈ ಮಡಚುತ್ತಿರಲಿಲ್ಲ.

ಇಲ್ಲಿ ದಿನದ ಲೆಕ್ಕ ಬಹಳ ಮುಖ್ಯ. ಕತ್ತರಿಸಿ ಜೋಡಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಅದು ತಲುಪುವಷ್ಟರಲ್ಲಿ ಸ್ನಾಯು ಕಾದು ಕಾದು ಸತ್ತಿರಬಾರದು. ವರ್ಷ, ಒಂದೂವರೆ ವರ್ಷ ದಾಟಿದರೆ ಅದು ನರವನ್ನು ಒಪ್ಪಿಕೊಳ್ಳುವುದಿಲ್ಲ. ಆದ್ದರಿಂದ ಮೊದಲ ಆರು ತಿಂಗಳೊಳಗೆ ಆಪರೇಷನ್ ಆಗಬೇಕು. ಎಣ್ಣೆ ತಿಕ್ಕಿಸಿಕೊಂಡು ಒಂದು ವರ್ಷ ಕಳೆದು ಬರುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಇವನು ಪುಣ್ಯಕ್ಕೆ ನಾಲ್ಕನೆಯ ತಿಂಗಳಲ್ಲಿ ಸರಿಯಾದ ಕೈಗೆ ಸಿಕ್ಕ. ಶಸ್ತ್ರವೈದ್ಯರು ಅವನ ಪಕ್ಕೆಲುಬುಗಳ ಸಂದಿಯ ಮೂರು ನರ ಬಿಡಿಸಿ ತಂದು, ಮೊಣಕೈ ಮಡಚಿಸುವ ನರಕ್ಕೆ ಜೋಡಿಸಿದರು. ಉಸಿರಾಟದ ನರ, ಈಗ ಕೈಯ ಕೆಲಸಕ್ಕೆ.

ಎಂಟು ತಿಂಗಳು ಏನೂ ಇಲ್ಲ. ಒಂದು ಮಂಗಳವಾರ ಅವನ ತೋಳಿನ ಮೇಲೆ ಬೆರಳಿಟ್ಟು, "ಉಸಿರು ಎಳಿ, ಜೋರಾಗಿ" ಅಂದೆ. ಚರ್ಮದ ಕೆಳಗೆ ಮೀನು ಹೊರಳಿದಂತೆ ಏನೋ ಹೊರಳಿತು. ಉಸಿರು ಬಿಟ್ಟ, ಸುಮ್ಮನಾಯಿತು. ಮತ್ತೆ ಎಳೆದ, ಮತ್ತೆ ಹೊರಳಿತು. ಮಿದುಳಿಗೆ ಆ ನರ ಇನ್ನೂ ಉಸಿರಿನದೇ. ಅವನು ಗಾಬರಿಯಾಗಿ, "ಮೇಡಂ, ಇನ್ಮ್ಯಾಲ ಉಸಿರು ಹಿಡಕೊಂಡೇ ಉಣ್ಬೇಕೇನ್ರೀ?" ಅಂದ. ತಿಂಗಳುಗಟ್ಟಲೆ ಉಸಿರೆಳೆದು ಮಡಚುವುದು, ಬಿಟ್ಟು ಇಳಿಸುವುದು, ಅದೇ ವ್ಯಾಯಾಮ. ಮೆಲ್ಲಗೆ ಮಿದುಳು ತಿದ್ದಿಕೊಂಡಿತು. ಎರಡು ವರ್ಷ ದಾಟಿದೆ. ಭುಜ ಇನ್ನೂ ಬಲಹೀನ, ಮಣಿಕಟ್ಟಿಗೆ ಪಟ್ಟಿ ಬೇಕು. ಆದರೆ ಮೊಣಕೈಯನ್ನು ಮೇಜಿಗೆ ಊರಿ ಎಡಗೈಯಲ್ಲೇ ಚಹಾ ಕುಡಿಯುತ್ತಾನೆ, ಉಸಿರಿನ ಯೋಚನೆ ಇಲ್ಲದೆ, ನನ್ನ ಜೊತೆ ಹರಟುತ್ತ.

ಮೊನ್ನೆ ಬಂದಾಗ ಅವನಿಗೆ ನೆಗಡಿ. ಇರಾನಿ ಚಹಾ ತರಿಸಿದ್ದೆ. ಲೋಟ ತುಟಿಗೆ ಹತ್ತಿರವಾಗುವಷ್ಟರಲ್ಲಿ ಸೀನು ಬಂತು, ಮೊಣಕೈ ತಾನಾಗಿ ಚಟ್ಟನೆ ಮಡಚಿತು, ಚಹಾ ಪೂರಾ ಅಂಗಿಯ ಮೇಲೆ.